ಕುವೆಂಪು ಮತ್ತು ಕ್ರಿಸ್ತ: ನಾನು ಓದಿಕೊಂಡ ಬಗೆ

ಕುವೆಂಪು ಅವರಿಗೆ ಕ್ರೈಸ್ತ ಧರ್ಮದ ಬಗ್ಗೆ ಏನನ್ನಿಸುತ್ತಿತ್ತು? ಮೈಸೂರಿನಲ್ಲಿ ಯಾರನ್ನೇ ಕೇಳಿ, ಎರಡರಲ್ಲಿ ಒಂದು ಉತ್ತರ ಸಿಗುತ್ತದೆ. ಅವರು ವಿಶ್ವಮಾನವ, ಎಲ್ಲ ಧರ್ಮವೂ ಅವರಿಗೆ ಒಂದೇ ಅನ್ನುವುದು ಮೊದಲನೆಯದು. ಕಾದಂಬರಿಯಲ್ಲಿ ಪಾದ್ರಿಯನ್ನು ತಂದು ಮತಾಂತರವನ್ನು ಟೀಕಿಸಿದ್ದಾರಲ್ಲ, ಇನ್ನೇನು ಬೇಕು ಅನ್ನುವುದು ಇನ್ನೊಂದು. ಡಿಗ್ರಿ ಮಕ್ಕಳಿಗೆ ಕನ್ನಡ ಪಾಠ ಮಾಡುವ ನನಗೆ ಎರಡೂ ಸಾಲಲಿಲ್ಲ. ತರಗತಿಯಲ್ಲಿ ಕ್ರೈಸ್ತ ಮನೆಗಳ ಮಕ್ಕಳೂ ಕೂತಿರುತ್ತಾರೆ. 'ಮಲೆಗಳಲ್ಲಿ ಮದುಮಗಳು' ಪಾಠ ನಡೆಯುವಾಗ ಒಬ್ಬಳು, "ಸರ್, ಈ ಪಾದ್ರಿ ಕೆಟ್ಟವನಾ?" ಎಂದು ಕೇಳಿದಳು. ಪುಸ್ತಕವನ್ನೇ ಮುಂದಿಟ್ಟುಕೊಂಡು ಉತ್ತರ ಕೊಡಬೇಕು ಅನ್ನಿಸಿತು.

ಮಾಡಿದ ಕೆಲಸ ಸರಳ. ಕ್ರಿಸ್ತ, ಚರ್ಚು, ಪಾದ್ರಿ, ಮಿಷನ್ನು ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ಒಂದೊಂದು ಚೀಟಿ. ಚೀಟಿಯಲ್ಲಿ ಪುಟದ ಸಂಖ್ಯೆ, ಯಾರು ಮಾತಾಡುತ್ತಿದ್ದಾರೆ, ಯಾರ ಎದುರಿಗೆ. ಕೊನೆಗೆ ಇನ್ನೊಂದು ಸಾಲು: ಈ ಮಾತು ಕ್ರಿಸ್ತನ ಬಗ್ಗೆಯೋ, ಚರ್ಚಿನ ಬಗ್ಗೆಯೋ, ಪಾದ್ರಿಯ ಬಗ್ಗೆಯೋ, ಜಾತಿ ಬಿಟ್ಟು ಹೊರಟವನ ಬಗ್ಗೆಯೋ? ಈ ನಾಲ್ಕನ್ನೂ ನಾವು ಸುಮ್ನೆ 'ಕ್ರೈಸ್ತ ಧರ್ಮ' ಅಂತ ಒಂದೇ ಗಂಟು ಕಟ್ಟಿಬಿಡುತ್ತೇವೆ. ಕುವೆಂಪು ಹಾಗೆ ಕಟ್ಟಿಲ್ಲ. ಗಂಟು ಬಿಚ್ಚಿದ ಮೇಲೇ ನನಗೆ ದಾರಿ ಕಂಡಿದ್ದು.

ಕ್ರಿಸ್ತನ ವಿಷಯ ಬೇಗ ಬಗೆಹರಿಯಿತು. ಅಲ್ಲಿರುವುದು ಗೌರವವೇ. ಅದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಕುವೆಂಪು ಮೈಸೂರಿಗೆ ಬಂದು ಓದಿದ್ದು ವೆಸ್ಲಿಯನ್ ಮಿಷನ್ ಹೈಸ್ಕೂಲಿನಲ್ಲಿ, ಈಗ ನಾವು ಹಾರ್ಡ್ವಿಕ್ ಅನ್ನುವ ಶಾಲೆ. ಆಮೇಲೆ ಎಷ್ಟೋ ವರ್ಷ ರಾಮಕೃಷ್ಣಾಶ್ರಮದಲ್ಲೇ ಉಳಿದುಕೊಂಡಿದ್ದರು. ಪರಮಹಂಸರು ಕ್ರಿಸ್ತನ ದಾರಿಯಲ್ಲೂ ಸಾಧನೆ ಮಾಡಿದವರು. ಆಶ್ರಮಗಳಲ್ಲಿ ಕ್ರಿಸ್‌ಮಸ್ ಹಿಂದಿನ ಸಂಜೆ ಯೇಸುವಿನ ಪಟ ಇಟ್ಟು ಪೂಜೆ ಮಾಡುವ ರೂಢಿ ಇವತ್ತಿಗೂ ಇದೆ. ಪರಮಹಂಸರ, ವಿವೇಕಾನಂದರ ಜೀವನಚರಿತ್ರೆ ಎರಡನ್ನೂ ಬರೆದ ಕವಿಗೆ ಯೇಸು ಹೊರಗಿನವನಾಗಿ ಕಾಣುವುದು ಹೇಗೆ? ಶಾಲೆಗಿಂತ ಆಶ್ರಮದಿಂದಲೇ ಕ್ರಿಸ್ತ ಅವರಿಗೆ ಹೆಚ್ಚು ಹತ್ತಿರವಾದ ಎಂಬುದು ನನ್ನ ಅನಿಸಿಕೆ. 'ಶ್ರೀ ರಾಮಾಯಣ ದರ್ಶನಂ' ಶುರುವಾಗುವಾಗ ಪಂಪ, ನಾರಣಪ್ಪ (ಕುಮಾರವ್ಯಾಸ) ಇವರ ಜೊತೆಗೇ ಡಾಂಟೆಗೂ ಮಿಲ್ಟನ್ನನಿಗೂ ಕೈಮುಗಿಯುತ್ತಾರೆ. ಇಬ್ಬರೂ ಬೈಬಲ್ಲಿನ ಲೋಕವನ್ನೇ ಕಾವ್ಯ ಮಾಡಿದವರು. ರಾಮಾಯಣ ಬರೆಯಲು ಕೂತವರು ಅವರನ್ನು ನೆನೆಯುತ್ತಾರೆ ಅಂದರೆ ಅದು ಬರೀ ಸೌಜನ್ಯ ಇರಲಾರದು.

ನಾಡಗೀತೆಯ ಸಾಲಂತೂ ಎಲ್ಲರ ಬಾಯಲ್ಲೂ ಇದೆ: "ಹಿಂದೂ ಕ್ರೈಸ್ತ ಮುಸಲ್ಮಾನ, ಪಾರಸಿಕ ಜೈನರುದ್ಯಾನ". 2004ರಿಂದ ಇದು ಅಧಿಕೃತ ನಾಡಗೀತೆ. ಆದರೆ ಇದರ ಚೀಟಿಯನ್ನು ನಾನು ಪಕ್ಕಕ್ಕಿಟ್ಟೆ. ಹಾಡಿನಲ್ಲಿ ಹರಸುವಾಗ ಕವಿ ಎಲ್ಲರನ್ನೂ ಹರಸುತ್ತಾನೆ. ನಿಜವಾದ ಪರೀಕ್ಷೆ ಇರುವುದು ಕಥೆಯಲ್ಲಿ, ಒಬ್ಬ ಪಾದ್ರಿ ಒಬ್ಬ ಗೌಡರ ಹುಡುಗನ ಎದುರಿಗೆ ನಿಂತಾಗ.

'ಮಲೆಗಳಲ್ಲಿ ಮದುಮಗಳು' ಬಂದದ್ದು 1967ರಲ್ಲಿ, ಕಥೆ ನಡೆಯುವುದು ಹತ್ತೊಂಬತ್ತನೇ ಶತಮಾನದ ಕೊನೆಯ ಮಲೆನಾಡಿನಲ್ಲಿ. ಪಾದ್ರಿ ಜೀವರತ್ನಯ್ಯ ಬಿಳಿ ದೊರೆಯಲ್ಲ, ಹೆಸರೇ ಹೇಳುವಂತೆ ನಮ್ಮ ಕಡೆಯವನೇ. ಅವನ ಜೊತೆ ಆ ಕಾಡಿಗೆ ಬೈಸಿಕಲ್ಲೂ ಬರುತ್ತದೆ. ಜನ ಅದನ್ನು 'ಬೀಸೆಕಲ್ಲು ಸವಾರಿ' ಅನ್ನುತ್ತಾರೆ. ರಾಗಿ ಬೀಸುವ ಎರಡು ಕಲ್ಲು ನೆಟ್ಟಗೆ ನಿಂತು ಮನುಷ್ಯನನ್ನು ಹೊತ್ತು ಓಡುವುದು! ಈ ಭಾಗವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದೆ. ಮೊದಲು ಎಲ್ಲರಿಗೂ ನಗು. ಎರಡನೇ ಸಲ ಓದುವಾಗ ಒಂದು ಪ್ರಶ್ನೆ ಹಾಕಿದೆ: ಇಲ್ಲಿ ಬೆರಗಾಗುತ್ತಿರುವುದು ಯಾರು, ಊರಿನವರೋ ಕುವೆಂಪುವೋ? ಸೈಕಲ್ಲನ್ನು ನೋಡುವ ಕಣ್ಣು ಊರಿನವರದ್ದು. ಆ ಕಣ್ಣಿಗೆ ಪಾದ್ರಿ, ಸೈಕಲ್ಲು, ಸ್ಕೂಲು, ಯೇಸು ಎಲ್ಲವೂ ಒಟ್ಟಿಗೇ ಕಾಣುತ್ತವೆ. ಬೆಟ್ಟಳ್ಳಿಯ ಗೌಡರ ಹುಡುಗ ದೇವಯ್ಯ ಪಾದ್ರಿಯ ಕಡೆ ವಾಲುವುದೂ ಹೀಗೆಯೇ. ಅವನನ್ನು ಸೆಳೆದದ್ದು ಬೋಧನೆಯೋ, ಆ ಹೊಸ ಬದುಕೋ, ತನ್ನ ಜಾತಿಯ ಉಸಿರುಗಟ್ಟುವಿಕೆಯೋ? ಇದನ್ನು ಕುವೆಂಪು ಬೇರೆ ಮಾಡಿ ಹೇಳುವುದಿಲ್ಲ. ಅವನ ಆಸೆಯನ್ನು ಸಣ್ಣದು ಮಾಡುವುದೂ ಇಲ್ಲ. ನನಗೆ ಅವರ ಮೇಲೆ ಪ್ರೀತಿ ಉಕ್ಕುವುದು ಇಂಥ ಕಡೆಯೇ.

ಪಾದ್ರಿಯ ಚೀಟಿಗಳ ಪಕ್ಕಕ್ಕೆ ಅದೇ ಕಾದಂಬರಿಯ ಬ್ರಾಹ್ಮಣ, ಕಲ್ಲೂರು ಮಂಜಭಟ್ಟರ ಚೀಟಿಗಳನ್ನೂ ಜೋಡಿಸಿದೆ. ಈ ಕೆಲಸದಲ್ಲಿ ಜಾಸ್ತಿ ಫಲ ಕೊಟ್ಟದ್ದು ಅದೇ. ಪಾದ್ರಿಗೆ ಹಿಡಿದ ಅಳತೆಗೋಲನ್ನೇ ಭಟ್ಟರಿಗೂ ಹಿಡಿದಿದ್ದಾರೆ. ಭಟ್ಟರಿಗೆ ತುಸು ಗಟ್ಟಿಯಾಗಿಯೇ. ದೇವರಿಗೂ ಬಡವನಿಗೂ ನಡುವೆ ನಿಂತು ವ್ಯವಹಾರ ಮಾಡುವವರು ಯಾರೇ ಆಗಲಿ, ಈ ಕವಿಗೆ ಆಗಿಬರುವುದಿಲ್ಲ. 'ಜಲಗಾರ' ನಾಟಕದಲ್ಲಿ ಶಿವ ಗುಡಿಯ ಒಳಗೆ ಸಿಗದೆ ಬೀದಿ ಗುಡಿಸುವವನ ಹತ್ತಿರ ಬರುತ್ತಾನಲ್ಲ, ಆ ಸಿಟ್ಟೇ ಇಲ್ಲೂ ಇದೆ. ಗುಡಿ, ಚರ್ಚು, ಮಸೀದಿ ಮೂರನ್ನೂ ಬಿಟ್ಟು ಹೊರಗೆ ಬನ್ನಿ ಎಂದು ಕವಿತೆಯಲ್ಲಿ ಕರೆದವರು ಅವರೇ. ಆ ಕವಿತೆಯ ಚರ್ಚನ್ನಷ್ಟೇ ಕಿತ್ತು ತೋರಿಸಿದರೆ ಅನ್ಯಾಯ, ಗುಡಿಯನ್ನಷ್ಟೇ ಕಿತ್ತು ತೋರಿಸಿದರೂ ಅನ್ಯಾಯ.

ಹಾಗಂತ ಅವರು ತಟಸ್ಥರಲ್ಲ. ಜಾತಿಯ ಕಾಟಕ್ಕೆ ಮತ ಬದಲಿಸುವುದು ಮದ್ದು ಎಂದು ಅವರು ನಂಬಿರಲಿಲ್ಲ. ಧರ್ಮದ ಒಳಗೇ ಇದ್ದು ಅದನ್ನು ತಿದ್ದುವ ವಿವೇಕಾನಂದರ ದಾರಿಯೇ ಅವರದು. 1893ರ ಚಿಕಾಗೋ ಸಮ್ಮೇಳನವನ್ನು ಮಲೆನಾಡಿನ ಈ ಕಥೆಯೊಳಕ್ಕೆ ತಂದಿರುವುದು ಸುಮ್ಮನೆ ಅಲ್ಲ. ಇಲ್ಲಿ ನನಗೊಂದು ತಕರಾರಿದೆ. ದೇವಯ್ಯನಂಥ ಗೌಡರ ಹುಡುಗ ಆ ದಾರಿಗಾಗಿ ಕಾಯಬಹುದು. ಹೊಲಗೇರಿಯವನು ಎಷ್ಟು ದಿನ ಕಾಯಬೇಕು? "ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ" ಎಂದು ಶುರುವಾಗುವ ಪುಸ್ತಕದ ಎದುರಿಗೇ ಈ ಪ್ರಶ್ನೆ ಇಡಬಹುದು ಅನ್ನುವುದು ಅದರ ದೊಡ್ಡತನ.

ಆ ಹುಡುಗಿಗೆ ನಾನೇ ಉತ್ತರ ಹೇಳಲಿಲ್ಲ. ಚೀಟಿಗಳನ್ನೇ ಕೊಟ್ಟೆ. ಓದಿಕೊಂಡು ಬಂದು, "ಪಾದ್ರಿ ಕೆಟ್ಟವನಲ್ಲ ಸರ್, ಆದರೆ ಅವಸರ ಜಾಸ್ತಿ" ಅಂದಳು. ಈಗ ಅವಳೇ ಗೋವಿಂದ ಪೈಗಳ 'ಗೊಲ್ಗೊಥಾ' ಓದುತ್ತಿದ್ದಾಳೆ. ಯೇಸುವಿನ ಕೊನೆಯ ದಿನವನ್ನೇ ಕಾವ್ಯ ಮಾಡಿದ ಮಂಜೇಶ್ವರದ ಕವಿ ಅವರು. ಅಲ್ಲಿ ಪಾದ್ರಿಯೂ ಇಲ್ಲ, ಮಿಷನ್ನೂ ಇಲ್ಲ. ಹಾಗಾಗಿ ಚೀಟಿಯ ಕೊನೆಯ ಸಾಲನ್ನು ಬೇರೆ ಥರ ಬರೆದುಕೊಳ್ಳಬೇಕು ಎಂದು ಇಬ್ಬರೂ ಮಾತಾಡಿಕೊಂಡಿದ್ದೇವೆ.