ನಮ್ಮ ಜಗಲಿಗೆ ಸೂರಕ್ಕಿ ಬಂದದ್ದು ಹೀಗೆ

ಈ ಮಾರ್ಚಿನಲ್ಲಿ, ಕಾಫಿ ಹೂ ಬಿಟ್ಟ ಸಮಯಕ್ಕೆ, ನಮ್ಮ ಜಗಲಿಯ ಬಲ್ಬಿನ ವೈರಿಗೆ ಸೂರಕ್ಕಿ, ಅಂದರೆ ಹೂವಿನ ಮಕರಂದ ಹೀರುವ ಪುಟ್ಟ ಹಕ್ಕಿ, ಗೂಡು ಕಟ್ಟಿತು. ಎರಡು ಮರಿ ಹಾರಿ ಹೋದವು. ನಾಲ್ಕು ವರ್ಷದಿಂದ "ಹಕ್ಕಿಗೆ ದುಡ್ಡು ಸುರೀತಾನೆ" ಅಂತಿದ್ದ ಮಾವನೇ ಬಂದು ಫೋಟೋ ತೆಗೆದುಕೊಂಡು ಹೋದರು. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾದದ್ದು ಒಂದು ವಿಡಿಯೋದಿಂದ. ಕೋಸ್ಟರಿಕಾದ ಕಾಡಂಚಿನಲ್ಲಿ ಸಕ್ಕರೆ ನೀರಿನ ಕೆಂಪು ಡಬ್ಬಿಗೆ ಹಮ್ಮಿಂಗ್‌ಬರ್ಡ್‌ಗಳು ಮುತ್ತಿಕೊಂಡಿದ್ದವು. ಅವು ಅಮೆರಿಕ ಖಂಡಗಳನ್ನು ಬಿಟ್ಟು ಬೇರೆಲ್ಲೂ ಇಲ್ಲ, ಗೊತ್ತು. ಆದರೆ ನಮ್ಮಲ್ಲಿ ಆ ಕೆಲಸ ಸೂರಕ್ಕಿ ಮಾಡುತ್ತೆ ಅಲ್ವಾ? ಅಂಥದೇ ಡಬ್ಬಿ ನಾಲ್ಕು ತರಿಸಿದೆ. ಮೂರು ಸಾವಿರ ಚಿಲ್ಲರೆ ಹೋಯಿತು. ಒಂದು ಪಾಲು ಸಕ್ಕರೆಗೆ ನಾಲ್ಕು ಪಾಲು ನೀರು ಹಾಕಿ ಕಟ್ಟಿದೆ.

ಬಂದದ್ದು ಬರೀ ತುಡುವೆ ಜೇನು ಮತ್ತು ಇರುವೆ. ಹಮ್ಮಿಂಗ್‌ಬರ್ಡ್ ಗಾಳಿಯಲ್ಲೇ ನಿಂತು ಕುಡಿಯುತ್ತದೆ, ಹಿಂದಕ್ಕೂ ಹಾರುತ್ತದೆ. ಸೂರಕ್ಕಿ ಒಂದೆರಡು ಕ್ಷಣ ಹಾಗೆ ನಿಂತರೂ ಕೂತು ಕುಡಿಯುವುದೇ ಜಾಸ್ತಿ. ಆ ಡಬ್ಬಿಯಲ್ಲಿ ಕೂರಲು ಜಾಗವೇ ಇರಲಿಲ್ಲ. ಬಿದಿರು ಕಡ್ಡಿ ಕಟ್ಟಿದ ಮೇಲೆ ಒಂದು ಹೆಣ್ಣು ಬಂತು. ಅಷ್ಟರಲ್ಲಿ ಜೂನ್ ಮಳೆ ಹಿಡಿಯಿತು. ನೀರು ಹುಳಿ ಬಂತು, ಒಳಗೆಲ್ಲ ಬೂಷ್ಟು. ಡಬ್ಬಿಗಳು ಅಟ್ಟ ಸೇರಿದವು.

ಆಮೇಲೆ ಗಿಡದ ಕಡೆ ತಿರುಗಿದೆ. ಬೇಲಿಗೆ ಹ್ಯಾಮೀಲಿಯ ಅನ್ನುವ ಕೊಳವೆ ಹೂವಿನ ಗಿಡ, ಜೊತೆಗೆ ಅರಳದೆ ಮುಚ್ಚಿಕೊಂಡೇ ಇರುವ ಕೆಂಪು ದಾಸವಾಳ. ಎರಡೂ ಹಮ್ಮಿಂಗ್‌ಬರ್ಡ್ ನಾಡಿನವೇ. ಸುಮಾರು ನಲವತ್ತು ಕಡ್ಡಿ ನೆಟ್ಟೆ, ಅರ್ಧ ಕೊಳೆತವು. ಎರಡನೇ ಸಲ ಬಹುತೇಕ ಎಲ್ಲವೂ ಚಿಗುರಿದವು. ಏನು ಬದಲಿಸಿದೆ ಅಂತ ಇಲ್ಲಿ ಹೇಳುವುದಿಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ. ಸೂರಕ್ಕಿ ದಾಸವಾಳದ ಹೂವಿನ ಬುಡಕ್ಕೇ ಕೊಕ್ಕು ಚುಚ್ಚಿ ಹೀರುವುದನ್ನು ನೋಡಬೇಕು, ಎಂಥ ಜಾಣತನ!

ಹೂ ಇದ್ದರೂ ಗೂಡು ಕಟ್ಟಲಿಲ್ಲ. ಮರಿಗೆ ಹುಳ, ಜೇಡ ಬೇಕು. ನಾನು ಮನೆ ಸುತ್ತ ಔಷಧಿ ಹೊಡೆಸುತ್ತಿದ್ದೆ. ಅರ್ಧ ಎಕರೆಗೆ ಅದನ್ನು ನಿಲ್ಲಿಸಿದೆ. ಮೊದಲ ವರ್ಷ ಎರಡು ಮೂಟೆ ಕಾಫಿ ಕಮ್ಮಿ ಆಯಿತು, ಮನೆಯಲ್ಲಿ ಬೈಸಿಕೊಂಡೆ. ಜಗಲಿ ಮಾಡಿನ ಜೇಡರ ಬಲೆ ಗುಡಿಸಬೇಡಿ ಅಂದಾಗ ಇನ್ನೂ ಜಾಸ್ತಿ. ಆದರೆ ಗೂಡು ನಿಲ್ಲುವುದೇ ಆ ನೂಲಿನಿಂದ. ನಾರು, ತೊಗಟೆ ಚೂರು, ಹುಳದ ಹಿಕ್ಕೆ ಎಲ್ಲವನ್ನೂ ಬಲೆಯಿಂದ ಅಂಟಿಸಿ, ಬಾಗಿಲ ಮೇಲೆ ಸಣ್ಣ ಮಾಡನ್ನೂ ಇಳಿಸುತ್ತದೆ. ಕಟ್ಟಿದ್ದೆಲ್ಲ ಹೆಣ್ಣೇ. ನಾನು ಬೂರುಗದ ಹತ್ತಿ ಬುಟ್ಟಿಯಲ್ಲಿ ನೇತು ಹಾಕಿದ್ದೆ. ಒಳಗೆ ಹಾಸಲು ಒಯ್ದದ್ದನ್ನು ಕಣ್ಣಾರೆ ಕಂಡೆ.

ಇನ್ನೊಂದು ಪ್ರಯೋಗ. ನೆರಳು ಮರಗಳ ಕೊಂಬೆ ಸವರುವ ಕಪಾತಿನಲ್ಲಿ ಬದನಿಕೆ, ಅಂದರೆ ಮರದ ಮೇಲೇ ಬೆಳೆದು ಅದರ ರಸ ಹೀರುವ ಗಿಡ, ಕಂಡರೆ ಕಡಿಸುತ್ತೇವಲ್ಲ, ಒಂದು ಮುದಿ ಮರದಲ್ಲಿ ಮಾತ್ರ ಬಿಟ್ಟೆ. ಅದರ ಹೂವಿಗೆ ಕೆಂಪು ಬೆನ್ನಿನ ಪುಟ್ಟ ಸೂರಕ್ಕಿ ಬಂತು. ಪಶ್ಚಿಮ ಘಟ್ಟದ್ದೇ ಹಕ್ಕಿ ಅದು, ಹೆಬ್ಬೆರಳಿಗಿಂತ ತುಸು ಉದ್ದ. ಗಂಡಿನ ಗಂಟಲು ಬಿಸಿಲಿಗೆ ನೇರಳೆ ಮಿಂಚುತ್ತದೆ. ಬದನಿಕೆ ಬೇರೆ ಮರಕ್ಕೆ ಹಬ್ಬದಂತೆ ನೋಡಿಕೊಳ್ಳುತ್ತಿದ್ದೇನೆ.

ಒಟ್ಟು ಖರ್ಚು ಹನ್ನೆರಡು ಸಾವಿರ ಇರಬಹುದು, ಹೋದ ಕಾಫಿ ಬಿಟ್ಟು. ಮೊನ್ನೆ ಕಣದ ಪಕ್ಕದ ಕಾಫಿ ಗಿಡದಲ್ಲಿ ಎರಡನೇ ಗೂಡು ಶುರುವಾಗಿದೆ. ಆ ಸಾಲಿಗೆ ಸದ್ಯ ಕತ್ತಿ ಹಾಕುವುದು ಬೇಡ ಅಂತ ತೋಟದ ಕೆಲಸ ನೋಡಿಕೊಳ್ಳುವ ರೈಟರಿಗೆ ಹೇಳಿಟ್ಟಿದ್ದೇನೆ.