ಪುರಸಭೆಯ ನಡವಳಿ ಬರೆದ ಹನ್ನೊಂದು ವರ್ಷ

ನಮ್ಮ ಪುರಸಭೆಯಲ್ಲಿ 23 ವಾರ್ಡು. ಅಂದರೆ 23 ಸದಸ್ಯರು, ಅವರ ಜೊತೆ ನಾಮನಿರ್ದೇಶಿತರು, ಶಾಸಕರು, ಸಂಸದರು. ಪ್ರತಿ ತಿಂಗಳ ಸಾಮಾನ್ಯ ಸಭೆಗೆ ಇಷ್ಟೂ ಜನಕ್ಕೆ ನೋಟೀಸು ಹೋಗಬೇಕು. ಅದರ ಹಿಂದೆ ವಿಷಯಸೂಚಿ ಸೇರಿಸಿ, ಪಿನ್ ಹೊಡೆದು, ಕವರಿಗೆ ಹಾಕಿ, ಮುದ್ದಾಂ ಪುಸ್ತಕದಲ್ಲಿ ಹೆಸರು ಬರೆದು, ಜವಾನರ ಕೈಲಿ ಮನೆಮನೆಗೆ ಕಳಿಸಿ ಸಹಿ ತರಿಸಬೇಕು. 2013ರಿಂದ 2024ರವರೆಗೆ ಈ ಕೆಲಸವೂ, ಸಭೆಯ ಚರ್ಚೆ, ತೀರ್ಮಾನಗಳ ದಾಖಲೆಯಾದ ನಡವಳಿ ಬರೆಯೋದೂ ನನ್ನದಾಗಿತ್ತು. ಕೌನ್ಸಿಲ್ ಶಾಖೆ ಅಂತ ಬೋರ್ಡು ಇರುತ್ತದೆ, ಒಳಗೆ ಒಂದು ಟೇಬಲ್, ಎರಡು ಬೀರು, ಒಂದು ಕಂಪ್ಯೂಟರ್, ನಾನು.

ಸಾಮಾನ್ಯ ಸಭೆ ಅಂದರೆ ಊರಿನವರಿಗೆ ಗೊತ್ತಿರೋದು ಮಾರನೇ ದಿನ ಪೇಪರಿನಲ್ಲಿ ಬರುವ ಗದ್ದಲದ ಸುದ್ದಿ. ನನಗೆ ಸಭೆ ಹತ್ತು ಹನ್ನೆರಡು ದಿನ ಮೊದಲೇ ಶುರುವಾಗಿರುತ್ತಿತ್ತು. 1964ರ ಪುರಸಭೆಗಳ ಕಾಯ್ದೆ ಪ್ರಕಾರ ಸಾಮಾನ್ಯ ಸಭೆಗೆ ಏಳು ಪೂರ್ತಿ ದಿನದ ನೋಟೀಸು ಬೇಕು, ವಿಶೇಷ ಸಭೆಗೆ ಮೂರು ದಿನ. ಪೂರ್ತಿ ದಿನ ಅಂದರೆ ನೋಟೀಸು ಕೊಟ್ಟ ದಿನವೂ ಲೆಕ್ಕಕ್ಕಿಲ್ಲ, ಸಭೆಯ ದಿನವೂ ಲೆಕ್ಕಕ್ಕಿಲ್ಲ. ಇದನ್ನು ಕ್ಯಾಲೆಂಡರ್ ಮುಂದೆ ಇಟ್ಟುಕೊಂಡು ಬೆರಳು ಮಡಚಿಯೇ ಎಣಿಸುತ್ತಿದ್ದೆ. ಒಂದು ದಿನ ಕಡಿಮೆಯಾದರೂ ಸಭೆಯೇ ಸರಿಯಿಲ್ಲ ಅಂತ ಯಾರಾದರೂ ಎದ್ದು ನಿಲ್ಲಬಹುದು, ಅವರು ಹೇಳುವುದರಲ್ಲಿ ತಪ್ಪೂ ಇರುವುದಿಲ್ಲ.

ವಿಷಯಸೂಚಿಯ ಮೊದಲ ಸಾಲು ಯಾವತ್ತೂ ಒಂದೇ. ಹಿಂದಿನ ಸಭೆಯ ನಡವಳಿಯನ್ನು ಓದಿ ದೃಢೀಕರಿಸುವ ಬಗ್ಗೆ. ಆಮೇಲೆ ತಿಂಗಳ ಜಮಾ ಖರ್ಚು. ಆಮೇಲೆ ಟೆಂಡರ್ ದರಗಳ ಅನುಮೋದನೆ, 15ನೇ ಹಣಕಾಸು ಆಯೋಗದ ಕ್ರಿಯಾಯೋಜನೆ, ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗದ) ಅನುದಾನ, ಮಳಿಗೆಗಳ ಹರಾಜು, ಸಂತೆ ಸುಂಕ, ಬೀದಿ ದೀಪ, ಸಾರ್ವಜನಿಕರ ಅರ್ಜಿಗಳು. ಕೊನೆಗೆ 'ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು'. ನೋಡೋಕೆ ತುಂಬಾ ಸಪ್ಪೆ. ಆದರೆ ಈ ಸಪ್ಪೆ ಸಾಲುಗಳಲ್ಲೇ ಯಾರ ಬೀದಿಗೆ ನೀರು, ಯಾರ ಬೀದಿಗೆ ಚರಂಡಿ ಅನ್ನೋದು ಇರುತ್ತದೆ. ಇದು ನನಗೆ ಅರ್ಥವಾಗಿದ್ದು ನಾನೇ ಮಾಡಿದ ಒಂದು ತಪ್ಪಿನಿಂದ.

ಕೆಲಸಕ್ಕೆ ಸೇರಿದ ಎರಡನೇ ಬೇಸಿಗೆ. ಒಂದು ವಾರ್ಡಿನಲ್ಲಿ ಕೊಳವೆ ಬಾವಿಯ ಮೋಟಾರ್ ಸುಟ್ಟಿತ್ತು. ವಿಷಯ ಸಭೆಗೆ ಬಂತು. ಸದಸ್ಯರೆಲ್ಲ ಒಪ್ಪಿದರು, ಒಬ್ಬರೂ ಬೇಡ ಅನ್ನಲಿಲ್ಲ. ನಾನು ನಡವಳಿಯಲ್ಲಿ 'ಕೊಳವೆ ಬಾವಿಗೆ ಹೊಸ ಪಂಪ್ ಮೋಟಾರ್ ಅಳವಡಿಸಲು ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು' ಅಂತ ಬರೆದೆ. ಹಿಂದಿನವರ ಪುಸ್ತಕ ನೋಡಿ ಕಲಿತ ಶೈಲಿ ಅದು. ಆ ವಾರ್ಡಿನಲ್ಲಿ ಎರಡು ಕೊಳವೆ ಬಾವಿ ಇದ್ದವು. ಯಾವುದು ಅಂತ ನಾನು ಬರೆದಿರಲಿಲ್ಲ. ಎಷ್ಟು ಹಣ, ಯಾವ ಲೆಕ್ಕ ಶೀರ್ಷಿಕೆಯಿಂದ ಅಂತಲೂ ಇರಲಿಲ್ಲ. ಕಡತ ಲೆಕ್ಕ ಶಾಖೆಯಿಂದ ವಾಪಸ್ ಬಂತು. ಆಡಿಟ್ ಆಕ್ಷೇಪಣೆ ಬರುತ್ತದೆ, ಸಭೆಯಲ್ಲೇ ಸರಿಮಾಡಿಸಿ ತನ್ನಿ ಅಂದರು. ಮುಂದಿನ ತಿಂಗಳ ಸಭೆಗೆ ಕೋರಂ ಆಗಲಿಲ್ಲ, ಅಂದರೆ ಬೇಕಾದಷ್ಟು ಸದಸ್ಯರು ಬರಲಿಲ್ಲ, ಮುಂದಕ್ಕೆ ಹೋಯಿತು. ಅಷ್ಟರಲ್ಲಿ ನಲವತ್ತಕ್ಕೂ ಜಾಸ್ತಿ ದಿನ ಆ ಬೀದಿಯವರು ಟ್ಯಾಂಕರ್ ಬಂದಾಗ ಬಿಂದಿಗೆ ಹಿಡಿದು ಓಡಿದರು. ಒಬ್ಬ ಅಜ್ಜಿ ಕಚೇರಿಗೆ ಬಂದು, 'ಮೀಟಿಂಗ್‌ನಲ್ಲಿ ಆಗಿದೆ ಅಂದ್ರಲ್ಲವ್ವಾ, ಮತ್ತೆ ಯಾಕೆ ಮೋಟ್ರು ಬರ್ಲಿಲ್ಲ?' ಅಂತ ಕೇಳಿದರು. ಉತ್ತರ ನನ್ನ ಎದುರಿಗೇ ತೆರೆದು ಕೂತಿತ್ತು, ಆ ಪುಸ್ತಕದಲ್ಲಿ. ಅವರಿಗೆ ಹೇಳೋಕೆ ಆಗಲಿಲ್ಲ. ಆ ರಾತ್ರಿ ನಿದ್ದೆಯೂ ಬರಲಿಲ್ಲ.

ಅವತ್ತಿಂದ ನಾನು ಠರಾವು, ಅಂದರೆ ಸಭೆಯ ತೀರ್ಮಾನ, ಬರೆಯುವ ರೀತಿಯನ್ನೇ ಬದಲಾಯಿಸಿದೆ. ವಾರ್ಡ್ ನಂಬರ್ ಎಷ್ಟು, ಬೀದಿ ಯಾವುದು, ಯಾರ ಮನೆ ಅಥವಾ ಯಾವ ಗುಡಿ ಪಕ್ಕ, ಅಂದಾಜು ಮೊತ್ತ ಎಷ್ಟು, ಯಾವ ಅನುದಾನದ ಯಾವ ಶೀರ್ಷಿಕೆ, ಯಾವ ಶಾಖೆಯವರು ಮಾಡಬೇಕು, ಎಷ್ಟು ದಿನದೊಳಗೆ. ಇಷ್ಟಿಲ್ಲದೆ ಒಂದು ಸಾಲೂ ಮುಗಿಸುತ್ತಿರಲಿಲ್ಲ. ಇದನ್ನೆಲ್ಲ ಸಭೆ ಆದಮೇಲೆ ಕೇಳಿದರೆ ಸಿಗುವುದಿಲ್ಲ, ಎಲ್ಲರೂ ಎದ್ದು ಹೋಗಿರುತ್ತಾರೆ. ಮೊದಲೇ ತರಿಸಿಕೊಳ್ಳಬೇಕು. ಅದಕ್ಕೇ ಹನ್ನೆರಡು ದಿನ ಮೊದಲು ಇಂಜಿನಿಯರ್ ಶಾಖೆ, ಆರೋಗ್ಯ ಶಾಖೆ, ಕಂದಾಯ ಶಾಖೆ ಎಲ್ಲಕ್ಕೂ ಒಂದು ಟಿಪ್ಪಣಿ ಕಳಿಸುತ್ತಿದ್ದೆ. ನಿಮ್ಮ ವಿಷಯ ಬೇಕಾದರೆ ಅಂದಾಜು ಪಟ್ಟಿ ಸಮೇತ ಕೊಡಿ, ಇಲ್ಲದಿದ್ದರೆ ಸೂಚಿಯಲ್ಲಿ ಸೇರಿಸುವುದಿಲ್ಲ. ಶುರುವಿನಲ್ಲಿ ಬೈಗುಳ ತಿಂದೆ. 'ಏನ್ ಮೇಡಂ, ನೀವೇ ಚೀಫ್ ಆಫೀಸರ್ ಆಗ್ಬಿಟ್ರಾ?' ಅಂದವರೂ ಇದ್ದರು. ಆರು ತಿಂಗಳಲ್ಲಿ ಅವರೇ ಕೇಳದೆ ಪಟ್ಟಿ ಕಳಿಸೋಕೆ ಶುರು ಮಾಡಿದರು, ಯಾಕೆಂದರೆ ಅವರ ಕಡತಗಳೂ ವಾಪಸ್ ಬರೋದು ನಿಂತಿತ್ತು.

ಸಭೆ ನಡೆಯುವಾಗ ಬರೆಯೋದು ಬೇರೆಯದೇ ಕೆಲಸ. ಒಂದೇ ಸಲ ಐದು ಜನ ಮಾತಾಡುತ್ತಾರೆ, ಇಬ್ಬರು ಎದ್ದು ನಿಂತಿರುತ್ತಾರೆ, ಖಾರಾಬಾತ್ ತಟ್ಟೆ ಹಿಡಿದುಕೊಂಡು ಜವಾನರು ಮಧ್ಯೆ ಓಡಾಡುತ್ತಿರುತ್ತಾರೆ, ಅಧ್ಯಕ್ಷರು ಒಂದು ಕಡೆ 'ಆಯ್ತು ಮುಂದಿನ ವಿಷಯ' ಅಂದಿರುತ್ತಾರೆ, ಆದರೆ ಏನು ಆಯ್ತು ಅನ್ನೋದು ಯಾರಿಗೂ ಗೊತ್ತಿರೋದಿಲ್ಲ. ನಾನು ದಪ್ಪ ನೋಟ್‌ಬುಕ್ ಇಟ್ಟುಕೊಂಡಿದ್ದೆ. ಎಡ ಪುಟದಲ್ಲಿ ಯಾರು ಏನು ಹೇಳಿದರು ಅಂತ ಚುಟುಕಾಗಿ. ಬಲ ಪುಟದಲ್ಲಿ ತೀರ್ಮಾನ ಮಾತ್ರ. ಬಲ ಪುಟ ಖಾಲಿ ಇದ್ದರೆ ಮುಂದಿನ ವಿಷಯ ಓದುತ್ತಿರಲಿಲ್ಲ. ಎದ್ದು ನಿಂತು, 'ಅಧ್ಯಕ್ಷರೇ, ಈ ವಿಷಯಕ್ಕೆ ಹೀಗೆ ಬರೆದುಕೊಂಡಿದ್ದೇನೆ, ಸರಿಯಾ ನೋಡಿ' ಅಂತ ಜೋರಾಗಿ ಓದುತ್ತಿದ್ದೆ. ಈ ಒಂದು ಅಭ್ಯಾಸದಿಂದ ಎಷ್ಟೋ ಜಗಳ ಅಲ್ಲೇ ಮುಗಿದಿವೆ. ವಿಷಯ ಮಂಡಿಸಿದ ಸೂಚಕರು, ಅದನ್ನು ಬೆಂಬಲಿಸಿದ ಅನುಮೋದಕರು ಯಾರು ಅಂತ ಹೆಸರು ಆಗಲೇ ಬರೆಯಬೇಕು. ಯಾರಾದರೂ ಒಪ್ಪದಿದ್ದರೆ ಅವರ ವಿರೋಧವನ್ನೂ ಹೆಸರಿನ ಸಮೇತ ಬರೆಯಬೇಕು. ಅದು ಅವರ ಹಕ್ಕು. ಎಷ್ಟೋ ಕಡೆ ಇದನ್ನು ಬಿಟ್ಟು 'ಸರ್ವಾನುಮತದಿಂದ' ಅಂತ ಬರೆದುಬಿಡುತ್ತಾರೆ, ಅದು ನನಗೆ ತುಂಬಾ ಬೇಜಾರಿನ ವಿಷಯ. ಬೈದಾಟವನ್ನು ಮಾತ್ರ ಬರೆಯುತ್ತಿರಲಿಲ್ಲ. ಬೈದವರು ಮಾರನೇ ದಿನ ಜೊತೆಯಲ್ಲೇ ಟೀ ಕುಡಿಯುತ್ತಾರೆ, ಪುಸ್ತಕದಲ್ಲಿ ಅದು ಐವತ್ತು ವರ್ಷ ಉಳಿಯೋದು ಬೇಡ.

ಮಹಿಳಾ ಸದಸ್ಯರ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ರಾಜ್ಯದಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ. ಶುರುವಿನಲ್ಲಿ ಕೆಲವರ ಜೊತೆ ಗಂಡಂದಿರೂ ಬಂದು ಸಭಾಂಗಣದ ಬಾಗಿಲಲ್ಲಿ ನಿಂತು, ಒಳಗೆ ಕೂತ ಹೆಂಡತಿಗೆ ಕೈಸನ್ನೆ ಮಾಡುತ್ತಿದ್ದರು. ನಾನು ಮಾಡಿದ್ದು ಇಷ್ಟೇ. ನೋಟೀಸು ಕೊಡುವಾಗ ಸದಸ್ಯೆಯ ಕೈಗೇ ಕೊಡಿ, ಅವರದೇ ಸಹಿ ತನ್ನಿ ಅಂತ ಜವಾನರಿಗೆ ಹೇಳಿದೆ. ಸಭೆಗೆ ಎರಡು ದಿನ ಮೊದಲು ಮಧ್ಯಾಹ್ನ ಮೂರು ಗಂಟೆಗೆ ಬಂದರೆ ಸೂಚಿಯನ್ನು ಕೂತು ಓದೋಣ ಅಂತ ಎಲ್ಲರಿಗೂ ಹೇಳಿ ಕಳಿಸಿದೆ. ಮೊದಲ ಸಲ ಇಬ್ಬರು ಬಂದರು, ಆಮೇಲೆ ಏಳು ಜನ. ಅವರಲ್ಲಿ ಒಬ್ಬರು ಹೂವು ಕಟ್ಟಿ ಮಾರುವವರು. ಜಮಾ ಖರ್ಚಿನ ಪಟ್ಟಿಯನ್ನು ಅವರಷ್ಟು ಚೆನ್ನಾಗಿ ಓದಿದವರನ್ನು ನಾನು ಕಂಡಿಲ್ಲ. ದಿನದ ಲೆಕ್ಕ ಮನಸ್ಸಿನಲ್ಲೇ ಹಾಕಿ ಅಭ್ಯಾಸ ಇತ್ತಲ್ಲ.

ಆ ಅಕ್ಕ ಒಂದು ಸಲ ಮಾಡಿದ ಕೆಲಸ ಮರೆಯೋಕಾಗಲ್ಲ. ಎಸ್‌ಎಫ್‌ಸಿ ಅನುದಾನದಲ್ಲಿ ಶೇ. 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ. 7.25 ಇತರೆ ಬಡವರಿಗೆ, ಶೇ. 5 ಅಂಗವಿಕಲರಿಗೆ ಅಂತ ತೆಗೆದಿಡಬೇಕು. ಹೊಲಿಗೆ ಯಂತ್ರ, ಓದುವ ಮಕ್ಕಳಿಗೆ ಸಹಾಯಧನ, ಮೂರು ಚಕ್ರದ ವಾಹನ ಹೀಗೆ ಕೊಡುತ್ತಾರೆ. ಫಲಾನುಭವಿಗಳ ಪಟ್ಟಿ ಸಭೆಗೆ ಬಂದಾಗ ಸಾಮಾನ್ಯವಾಗಿ 'ಪಟ್ಟಿಯಂತೆ ಅನುಮೋದಿಸಲಾಯಿತು' ಅಂತ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಆ ಅಕ್ಕ ಎದ್ದು, 'ಹೆಸರು ಒಂದೊಂದೇ ಓದಿ ಮೇಡಂ' ಅಂದರು. ಓದಿದೆ. ಎರಡು ಹೆಸರು ಎರಡೆರಡು ಸಲ ಬಂದಿದ್ದವು, ಒಬ್ಬರು ತೀರಿಕೊಂಡು ವರ್ಷವಾಗಿತ್ತು. ಅಲ್ಲೇ ತೆಗೆದು ಕಾಯುತ್ತಿದ್ದವರ ಪಟ್ಟಿಯಿಂದ ಮೂರು ಜನರನ್ನು ಸೇರಿಸಿದರು. ಮುಂದೆ ನನ್ನ ಅವಧಿ ಮುಗಿಯುವವರೆಗೂ ಪಟ್ಟಿಗಳನ್ನು ಓದಿಯೇ ಅನುಮೋದಿಸಿದ್ದು.

'ಇತರೆ ವಿಷಯಗಳು' ಅನ್ನೋ ಕೊನೆ ಸಾಲಿನ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ತುರ್ತು ಇರುತ್ತದೆ, ಒಪ್ಪುತ್ತೇನೆ. ಪೈಪ್ ಒಡೆದರೆ ಏಳು ದಿನ ಕಾಯೋಕಾಗಲ್ಲ. ಆದರೆ ಹಣದ ವಿಷಯ, ಜಾಗದ ವಿಷಯ, ಮಳಿಗೆ ಬಾಡಿಗೆಯ ವಿಷಯ ಅಲ್ಲಿ ನುಸುಳಬಾರದು. ಸದಸ್ಯರಿಗೆ ಮೊದಲೇ ಕಾಗದ ಸಿಕ್ಕಿರೋದಿಲ್ಲ, ಊಟದ ಹೊತ್ತಾಗಿರುತ್ತದೆ, ಅರ್ಧ ಜನ ಎದ್ದಿರುತ್ತಾರೆ. ಅಂಥದ್ದು ಬಂದಾಗಲೆಲ್ಲ ನಾನು ಮುಖ್ಯಾಧಿಕಾರಿಗಳಿಗೆ (ಚೀಫ್ ಆಫೀಸರ್) ಅಲ್ಲೇ ಒಂದು ಚೀಟಿ ಕೊಡುತ್ತಿದ್ದೆ, ಇದನ್ನು ಮುಂದಿನ ಸೂಚಿಗೆ ಹಾಕೋಣ ಸಾರ್ ಅಂತ. ಹೆಚ್ಚಿನವರು ಕೇಳಿದರು. ಕಾನೂನಿಗೆ ವಿರುದ್ಧ ಅನಿಸಿದ ಠರಾವನ್ನು ಜಿಲ್ಲಾಧಿಕಾರಿಗಳು ತಡೆಹಿಡಿಯಬಹುದು, ಅದೂ ಎಲ್ಲರಿಗೂ ಗೊತ್ತಿತ್ತು.

ಸಭೆ ಮುಗಿದ ಮೇಲೆ ಇನ್ನೊಂದು ಒತ್ತಡ ಶುರುವಾಗುತ್ತದೆ. ಸಂಜೆ ಯಾರೋ ಬಂದು 'ಆ ವಿಷಯಕ್ಕೆ ಒಂದು ಸಾಲು ಸೇರಿಸಿಬಿಡಿ' ಅನ್ನುತ್ತಾರೆ. ಅದಕ್ಕೆ ನಾನು ಕಂಡುಕೊಂಡ ದಾರಿ ಅಂದರೆ, ಸಭಾಂಗಣದಿಂದ ಹೊರಗೆ ಬರುವ ಮೊದಲೇ ಕಚ್ಚಾ ನೋಟ್‌ಬುಕ್‌ನಲ್ಲಿ ಕೊನೆ ಸಾಲಿನ ಕೆಳಗೆ ಗೆರೆ ಎಳೆದು, ಖಾಲಿ ಜಾಗಕ್ಕೆ ಅಡ್ಡಗೀಟು ಹಾಕಿ, ಮುಖ್ಯಾಧಿಕಾರಿಗಳ ಸಹಿ ತೆಗೆದುಕೊಳ್ಳೋದು. ಆಮೇಲೆ ಯಾರು ಬಂದರೂ ಪುಸ್ತಕ ತೋರಿಸಿದರೆ ಸಾಕಿತ್ತು.

2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ಊರುಗಳ ಜೊತೆ ನಮ್ಮಲ್ಲೂ ಚುನಾವಣೆ ಆಯಿತು, ಸೆಪ್ಟೆಂಬರ್ 3ರಂದು ಎಣಿಕೆ. ಗೆದ್ದವರು ಮೆರವಣಿಗೆ ಮಾಡಿಕೊಂಡರು. ಆದರೆ ಅಧ್ಯಕ್ಷ, ಉಪಾಧ್ಯಕ್ಷರ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಯಿತು. 2020ರ ಕೊನೆಯ ತನಕ ಅವರು ಒಂದು ಸಭೆಯಲ್ಲೂ ಕೂರಲಿಲ್ಲ. ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳೇ ಎಲ್ಲ. ಆ ಎರಡು ವರ್ಷ ನನ್ನ ಕೆಲಸ ಸುಲಭವಾಗಿತ್ತು, ನಾಲ್ಕು ಸಾಲು ಬರೆದು ಒಬ್ಬರ ಸಹಿ ತಂದರೆ ಆಯಿತು. ಆದರೂ ಆ ದಿನಗಳು ನನಗೆ ಇಷ್ಟವಾಗಲಿಲ್ಲ. ಗೆದ್ದವರು ನನ್ನ ಟೇಬಲ್ ಮುಂದೆ ಬಂದು, ಜನ ಬೀದಿಯಲ್ಲಿ ಅಡ್ಡ ಹಾಕಿ ಕೇಳುತ್ತಾರೆ, ನಾವು ಎಲ್ಲಿ ಹೇಳೋಣ ಅನ್ನುತ್ತಿದ್ದರು. ಹೇಳಿದ್ದನ್ನು ಒಂದು ಪುಸ್ತಕದಲ್ಲಿ ವಾರ್ಡ್ ಪ್ರಕಾರ ಬರೆದಿಟ್ಟುಕೊಂಡೆ. ಮೊದಲ ಸಭೆಯ ಸೂಚಿಗೆ ಬೇಕಾದ ವಿಷಯಗಳೆಲ್ಲ ಅದರಿಂದಲೇ ಬಂದವು. ಅಧ್ಯಕ್ಷರ ಮೂವತ್ತು ತಿಂಗಳ ಅವಧಿ ಮುಗಿದ ಮೇಲೆ 2023ರಲ್ಲಿ ಮತ್ತೆ ಅದೇ ಕಥೆ, 2024ರ ಆಗಸ್ಟ್‌ವರೆಗೆ.

ನಾನು ಮಾಡಿದ ಕೆಲಸಗಳಲ್ಲಿ ನನಗೆ ಹೆಚ್ಚು ತೃಪ್ತಿ ಕೊಟ್ಟಿದ್ದು ಅನುಪಾಲನಾ ವರದಿ. ಹಿಂದಿನ ಸಭೆಯಲ್ಲಿ ಏನು ತೀರ್ಮಾನ ಆಯಿತು, ಏನು ಆಗಿದೆ, ಏನು ಆಗಿಲ್ಲ, ಯಾಕೆ. ಎಲ್ಲಾ ಕಡೆ ಇದನ್ನು ಹೆಸರಿಗೆ ಮಾಡುತ್ತಾರೆ, ಸೂಚಿಯ ಕೊನೆಯಲ್ಲಿ ಎಲ್ಲೋ ಇರುತ್ತದೆ. ನಾನು ಮುಖ್ಯಾಧಿಕಾರಿಗಳನ್ನು ಒಪ್ಪಿಸಿ ಅದನ್ನು ಎರಡನೇ ವಿಷಯ ಮಾಡಿದೆ, ಜಮಾ ಖರ್ಚಿಗಿಂತ ಮೊದಲು. ಪ್ರತಿ ಸಾಲಿನ ಎದುರು ಶಾಖೆಯ ಹೆಸರು. 'ಕ್ರಮ ವಹಿಸಲಾಗುತ್ತಿದೆ' ಅನ್ನೋ ಉತ್ತರ ಎರಡು ಸಭೆಗಿಂತ ಹೆಚ್ಚು ಬಂದರೆ ಕೆಂಪು ಇಂಕು. ಇಡೀ ಸಭೆಯ ಎದುರು ಓದುವಾಗ ಆ ಕೆಂಪು ಸಾಲು ಬಂದರೆ ಯಾರಿಗೂ ಚೆನ್ನಾಗಿರೋದಿಲ್ಲ ಅಲ್ವಾ. ಅದಾದ ಮೇಲೆ ಚರಂಡಿ ಮುಚ್ಚುವ ಹಲಗೆಗಳೂ ಬೇಗ ಬಂದವು.

ಓದುವವರಲ್ಲಿ ಯಾರಿಗಾದರೂ ನಿಮ್ಮ ಊರಿನ ನಡವಳಿ ನೋಡಬೇಕು ಅನಿಸಿದರೆ, ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಅರ್ಜಿ ಹಾಕಿ, ಪುಟಕ್ಕೆ ಎರಡು ರೂಪಾಯಿ. 'ಎಲ್ಲಾ ನಡವಳಿ ಕೊಡಿ' ಅಂತ ಕೇಳಬೇಡಿ. ಸಭೆಯ ದಿನಾಂಕ, ವಿಷಯ ಸಂಖ್ಯೆ ಬರೆಯಿರಿ, ಜೊತೆಗೆ ಮುಂದಿನ ಸಭೆಯ ಅನುಪಾಲನಾ ವರದಿಯನ್ನೂ ಕೇಳಿ. ನಿಮ್ಮ ಬೀದಿಯ ಕೆಲಸ ಎಲ್ಲಿ ನಿಂತಿದೆ ಅಂತ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಗೊತ್ತಾಗುತ್ತದೆ.

ಬಡ್ತಿ ಸಿಕ್ಕಿ ಬೇರೆ ಊರಿಗೆ ಬರುವಾಗ ಹನ್ನೊಂದು ವರ್ಷದ ಕಚ್ಚಾ ನೋಟ್‌ಬುಕ್‌ಗಳನ್ನೆಲ್ಲ ಪಟ್ಟಿ ಮಾಡಿ ಹೊಸದಾಗಿ ಬಂದ ಹುಡುಗನ ಕೈಗೆ ಕೊಟ್ಟೆ. ಆ ಮೋಟಾರಿನ ಠರಾವು ಇರುವ ಪುಟಕ್ಕೆ ಒಂದು ಕಾಗದ ಸಿಕ್ಕಿಸಿ, ಮೊದಲು ಇದನ್ನು ಓದಪ್ಪ ಅಂದೆ. ಹೋದ ತಿಂಗಳು ಅವನು ತಾನು ಮಾಡಿದ ಸೂಚಿಯ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿದ್ದ. ಎರಡನೇ ವಿಷಯ ಅನುಪಾಲನಾ ವರದಿಯೇ ಇತ್ತು. ಒಂಬತ್ತನೇ ವಿಷಯದಲ್ಲಿ ವಾರ್ಡ್ ನಂಬರ್ ಬಿಟ್ಟುಹೋಗಿತ್ತು. ತಕ್ಷಣ ಫೋನ್ ಮಾಡಿದೆ. 'ನೋಟೀಸು ಇನ್ನೂ ಹೋಗಿಲ್ಲ ಮೇಡಂ, ಈಗಲೇ ಸೇರಿಸ್ತೀನಿ' ಅಂದ.