ಪ್ರೊ ಬೋನೋ ಕೆಲಸಕ್ಕೆ ಸೇರುವ ಮುಂಚೆ ಈ ಪ್ರಶ್ನೆ ಕೇಳಿ

ಪ್ರೊ ಬೋನೋ, ಅಂದರೆ ಉಚಿತ ಕಾನೂನು ಸೇವೆಗೆ ಅವಕಾಶ ಹುಡುಕುತ್ತಿರುವ ಕಾನೂನು ವಿದ್ಯಾರ್ಥಿಗಳಿಗೆ ಒಂದು ಮಾತು. ಎಲ್ಲಿಗೇ ಸೇರುವುದಿದ್ದರೂ ಮೊದಲು "ನನ್ನ ಕೆಲಸ ನೋಡಿ ತಿದ್ದುವ ವಕೀಲರು ಯಾರು?" ಅಂತ ಕೇಳಿ. ಸ್ಪಷ್ಟ ಉತ್ತರ ಬರದಿದ್ದರೆ ಬೇರೆ ಕಡೆ ನೋಡಿ. ಸನ್ನದು (ವಕೀಲಿಕೆಯ ಪರವಾನಗಿ) ಇಲ್ಲದೆ ನಾವೇ ಸ್ವಂತವಾಗಿ ಸಲಹೆ ಕೊಡುವಂತಿಲ್ಲ. ತಪ್ಪಾದರೆ ಮನೆ ಕಳೆದುಕೊಳ್ಳುವವರು ಕಕ್ಷಿದಾರರು, ನಾವಲ್ಲ.

ಹಾಗಂತ ಕೆಲಸಕ್ಕೇನೂ ಬರವಿಲ್ಲ. ಕಕ್ಷಿದಾರರ ಮಾತು ಕೇಳಿ ಘಟನೆಗಳನ್ನು ದಿನಾಂಕವಾರು ಬರೆಯುವುದು, ದಾಖಲೆ ಜೋಡಿಸುವುದು, ಹಳೆಯ ತೀರ್ಪು ಹುಡುಕುವುದು, ಅರ್ಜಿಯ ಕರಡು ಮಾಡುವುದು. ನನ್ನ ಮಟ್ಟಿಗೆ ಮೊದಲನೆಯದೇ ದೊಡ್ಡ ಪಾಠ. ಗಾಬರಿಯಲ್ಲಿರುವವರು ಕತೆಯನ್ನು ಮಧ್ಯದಿಂದ ಶುರು ಮಾಡುತ್ತಾರೆ, ನೋಟಿಸ್ ಕೈಗೆ ಬಂದ ದಿನವನ್ನು ಕೊನೆಗೆ ಹೇಳುತ್ತಾರೆ. ಅನೇಕ ಸಲ ಕಾಲಮಿತಿಯ ಲೆಕ್ಕ ಶುರುವಾಗುವುದೇ ಆ ದಿನದಿಂದ! ಮಧ್ಯೆ ತಡೆಯದೆ ಪೂರ್ತಿ ಕೇಳಿ, ಆಮೇಲೆ ಒಂದೊಂದೇ ಪ್ರಶ್ನೆ ಹಾಕಿ.

ಮಾಡಿದ ಗಂಟೆಗಳನ್ನು ಅವತ್ತವತ್ತೇ ಬರೆದಿಟ್ಟು ಸಹಿ ಹಾಕಿಸಿಕೊಳ್ಳಿ. ನ್ಯೂಯಾರ್ಕ್ ರಾಜ್ಯದಲ್ಲಂತೂ ಪರೀಕ್ಷೆ ಬರೆದು ವಕೀಲರಾಗಿ ಸೇರುವವರು ಸಾಮಾನ್ಯವಾಗಿ 50 ಗಂಟೆ ಇಂಥ ಸೇವೆಯ ದಾಖಲೆ ತೋರಿಸಬೇಕು.

ಕಕ್ಷಿದಾರರ ಹೆಸರು, ಕಾಗದದ ಫೋಟೋ ಗೆಳೆಯರ ಗುಂಪಿನಲ್ಲೂ ಹಂಚಬೇಡಿ. ವಾರಕ್ಕೆ ಮೂರು ಗಂಟೆಯಾದರೂ ಸಾಕು, ಒಪ್ಪಿಕೊಂಡದ್ದನ್ನು ತಪ್ಪಿಸಬೇಡಿ. ಪರೀಕ್ಷೆ ಹತ್ತಿರವಿದ್ದರೆ ಮುಂಚೆಯೇ ತಿಳಿಸಿ.